ಕದ್ದರೇ ಚಿಗುರುವ ಗಿಡ

ಪಕ್ಕದ ಮನೆಯ ಅಹಲ್ಯಕ್ಕನ ಹೈಡ್ರೇಂಜಿಯಾ ಗಿಡದ ಮೇಲೆ ಪದ್ಮಿನಿಗೆ ಬಹಳ ದಿನದಿಂದ ಕಣ್ಣು. ಓಕ್ ಮರದ ಎಲೆಯಂತೆ ಅಂಗೈಯಗಲದ ಸೀಳೆಲೆ, ಗೋಪುರದಂತೆ ಬಿಳಿ ಹೂಗೊಂಚಲು. ಅಹಲ್ಯಕ್ಕ ಕೈಯಾರೆ ಒಂದು ಕಡ್ಡಿ ಕತ್ತರಿಸಿ ಕೊಟ್ಟರು. ನೆಟ್ಟ ವಾರಕ್ಕೇ ಒಣಗಿತು.

“ಕೊಟ್ಟ ಗಿಡ ಎಲ್ಲಾದ್ರೂ ಬರುತ್ತೇನೇ? ಕದ್ದರೇ ಬರೋದು. ಮಧ್ಯಾಹ್ನ ಮಲಗಿರ್ತೀನಿ, ಬಂದು ಕದ್ಕೊಂಡು ಹೋಗು. ಕತ್ತರಿ ಕಟ್ಟೆ ಮೇಲಿರುತ್ತೆ,” ಅಂದರು ಅಹಲ್ಯಕ್ಕ.

ಪದ್ಮಿನಿ ಕದ್ದಳು. ಅದೂ ಒಣಗಿತು.

“ಹೇಳಿ ಕದ್ರೆ ಅದು ಕಳ್ಳತನವೇನೇ!” ಅಹಲ್ಯಕ್ಕ ಹಣೆ ಚಚ್ಚಿಕೊಂಡರು. ಮುಂದಿನ ಸಲ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯಿತು. ಪದ್ಮಿನಿ ಕದ್ದ ಕಡ್ಡಿಯನ್ನು ನೆಟ್ಟು ಕೈ ತೊಳೆಯುವಷ್ಟರಲ್ಲಿ ಅಹಲ್ಯಕ್ಕ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟು ಕೊಟ್ಟು ಬಂದರು.

ಕಡ್ಡಿ ಚಿಗುರಿತು. ಚಿಗುರಿದ ಬೆಳಿಗ್ಗೆಯೇ ಇನ್ಸ್‌ಪೆಕ್ಟರೂ ಬಂದರು.

“ಕದ್ದಿದ್ದು ನಿಜಾನಾ?”

“ಅವರೇ ಕದಿ ಅಂದ್ರು ಸಾರ್...”

“ಬಾಯಿ ಮುಚ್ಚೇ, ಗಿಡ ಸಾಯುತ್ತೆ!” ಅಹಲ್ಯಕ್ಕ ಕಾಂಪೌಂಡಿನ ಆಚೆಯಿಂದ ಕೂಗಿದರು. “ಸಾರ್, ನಾನೇನೂ ಹೇಳಿಲ್ಲ. ಅವಳು ಪಕ್ಕಾ ಕಳ್ಳಿ!”

ಪದ್ಮಿನಿ ಎಳೆಯ ಚಿಗುರನ್ನೊಮ್ಮೆ ನೋಡಿದಳು. ಕಣ್ಣು ತುಂಬಿ ಬಂತು. ಎರಡೂ ಕೈ ಮುಂದೆ ಚಾಚಿದಳು.

“ಹೌದು ಸಾರ್. ನಾನೇ ಕದ್ದೆ. ಕರ್ಕೊಂಡು ಹೋಗಿ.”

ಇನ್ಸ್‌ಪೆಕ್ಟರು ಬಗ್ಗಿ ಚಿಗುರನ್ನು ಮುಟ್ಟಿ ನೋಡಿದರು.

“ಕಂಪ್ಲೇಂಟ್ ಆದ್ಮೇಲೇನಾ ಚಿಗುರಿದ್ದು?”

“ಹೌದು ಸಾರ್.”

ಅವರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಅಹಲ್ಯಕ್ಕನ ಕಟ್ಟೆಯತ್ತ ನಡೆದು ಕತ್ತರಿ ಎತ್ತಿಕೊಂಡರು.

“ಇಬ್ರೂ ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ಳಿ. ಆಮೇಲೆ ಸ್ಟೇಷನ್‌ಗೆ ಬಂದು ನನ್ನ ಮೇಲೂ ಒಂದು ಕಂಪ್ಲೇಂಟ್ ಕೊಡೋದು ಮರೀಬೇಡಿ.”