ಸೆರಫಿನಮ್ಮನ ಸಾಕ್ಷಿ

ವರ್ಷದ ಉತ್ತಮ ವಿದ್ಯಾರ್ಥಿನಿಯ ಪದಕ ವಿಯೋಲಾಳಿಗೇ ಎಂದು ಕಾನ್ವೆಂಟಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಪದಕ ಕೊಡುವ ಬೀಳ್ಕೊಡುಗೆ ಸಮಾರಂಭದ ಹಿಂದಿನ ದಿನ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಅವಳನ್ನು ಕರೆಸಿದರು. ಅವರೆದುರು ಕಣ್ಣು ಕಾಣದ ಅಜ್ಜಿ ಸೆರಫಿನಮ್ಮ ಕೂತಿದ್ದರು. ಪ್ರತಿ ಶನಿವಾರ ಅವರ ಮನೆಗೆ ಹೋಗಿ ಪೇಪರ್ ಓದಿ ಹೇಳುವುದು ವಿಯೋಲಾಳ ಪಾಲಿಗೆ ಬಂದ ಸಮಾಜಸೇವೆ. ಅವಳು ಒಂದು ದಿನವೂ ಹೋಗಿರಲಿಲ್ಲ.

"ಹೋಗ್ತಿದ್ದಿಯಾ?" ಸಿಸ್ಟರ್ ಕೇಳಿದರು.

"ಹೋಗ್ತಿದ್ದೆ ಸಿಸ್ಟರ್."

ಸಿಸ್ಟರ್ ಅಜ್ಜಿಯ ಕಡೆ ತಿರುಗಿದರು. "ಸೆರಫಿನಮ್ಮ, ನೀವು ಹೇಳಿ. ಇವಳು ಬರ್ತಿದ್ಲಾ?"

ಅಜ್ಜಿ ವಿಯೋಲಾಳ ಸ್ವರ ಬಂದ ಕಡೆಗೆ ಮುಖ ತಿರುಗಿಸಿದರು.

"ಕಣ್ಣು ಹೋಗಿದೆ ಸಿಸ್ಟರ್, ಕಿವಿ ಹೋಗ್ಲಿಲ್ಲ. ಇದೇ ಸ್ವರ. ಒಂದು ವಾರವೂ ತಪ್ಪಿಸಿದವಳಲ್ಲ."

ಸಿಸ್ಟರ್ ಇಬ್ಬರನ್ನೂ ಕಳಿಸಿಕೊಟ್ಟರು. ಅಜ್ಜಿಯ ಕೈ ಹಿಡಿದು ಮೆಟ್ಟಿಲು ಇಳಿಸುವಾಗ ವಿಯೋಲಾ ಅಳುತ್ತಿದ್ದಳು.

"ಅಜ್ಜಿ, ನನಗೋಸ್ಕರ ಯಾಕೆ ಸುಳ್ಳು ಹೇಳಿದ್ರಿ?"

"ನಿನಗೋಸ್ಕರ ಅಲ್ಲ ಮಗಾ. ಇನ್ನು ನಿಮ್ಮ ಶಾಲೆಗೆ ರಜೆ, ನನ್ನ ಹತ್ರ ಯಾರು ಬರ್ತಾರೆ? ಈ ಶನಿವಾರ ಬೆಳಿಗ್ಗೆ ಬಾ. ನೀನು ಬರದಿದ್ರೆ ನಾನು ಪುನಃ ಸಿಸ್ಟರ್ ಹತ್ರ ಬರ್ಬೇಕಾಗ್ತದೆ."