ಕಣ್ಣೀರು ಬರಿಸಿದ ವಿಧಾನ

ಕಣ್ಣೀರಿನ ಮೇಲೆ ಸಂಶೋಧನೆ ಮಾಡುವವರೆಲ್ಲ ತಮಗೆ ತೋಚಿದ ಹಾಗೆ ವರದಿ ಬರೆಯುತ್ತಾರೆ ಎನ್ನುವುದೇ ಪ್ರೊಫೆಸರರ ದೊಡ್ಡ ಸಂಕಟ. ಅದಕ್ಕಾಗಿ ಅವರೇ ಕೂತು ದೇಶಕ್ಕೆಲ್ಲ ಒಂದೇ ನಿಯಮ ಮಾಡಿದ್ದರು. ಯಾರ ಕಣ್ಣೀರು, ಹೇಗೆ ಬರಿಸಿದ್ದು, ಹೇಗೆ ಹಿಡಿದದ್ದು, ಎಲ್ಲವನ್ನೂ ಬರೆಯಲೇಬೇಕು.

ಆ ನಿಯಮವನ್ನು ಮೊದಲು ಮುರಿದವಳು ಅವರದೇ ವಿದ್ಯಾರ್ಥಿನಿ.

“ಏನಮ್ಮಾ ಇದು? ಕಣ್ಣೀರು ಕೊಟ್ಟವರು ನಮ್ಮ ವಿಭಾಗದ ಪಿಎಚ್‌ಡಿ ವಿದ್ಯಾರ್ಥಿಗಳು ಅಂತ ಬರೆದಿದ್ದೀಯ. ಹೇಗೆ ಬರಿಸಿದೆ ಅಂತ ಒಂದಕ್ಷರ ಇಲ್ಲ. ಈರುಳ್ಳಿ ಹೆಚ್ಚಿ ಮುಖದ ಮುಂದೆ ಹಿಡಿದೆಯಾ?”

“ಇಲ್ಲ ಸರ್.”

“ಗೋಳಿನ ಸಿನಿಮಾ ತೋರಿಸಿದೆಯಾ?”

“ಇಲ್ಲ ಸರ್.”

“ಮತ್ತೆ? ಬೇರೆ ಲ್ಯಾಬಿನವರಿಗೆ ಒಂದು ಹನಿ ಸಿಗೋದೇ ಕಷ್ಟ. ನಿನಗೆ ಮಾತ್ರ ಟ್ಯೂಬುಗಟ್ಟಲೆ ಸಿಕ್ಕಿದೆ! ನಲ್ಲಿ ನೀರು ಬೆರೆಸಿದೆಯಾ?”

“ಅಯ್ಯೋ ಇಲ್ಲ ಸರ್. ಅದೊಂದು ಸಾಲು ಬಿಟ್ಟುಬಿಡಲಾ?”

“ಬಿಡೋದಾ?” ಪ್ರೊಫೆಸರರು ವರದಿಯನ್ನು ಮೇಜಿನ ಮೇಲೆ ಕುಕ್ಕಿದರು. “ಇಷ್ಟು ವರ್ಷ ಇಲ್ಲಿ ಏನು ಕತ್ತೆ ಕಾಯ್ತಿದ್ದೆ? ನಿನ್ನ ತಲೆಯಲ್ಲಿರೋದು ಮೆದುಳಾ, ಸಗಣಿಯಾ? ಈ ಜನ್ಮದಲ್ಲಿ ನಿನಗೆ ಡಾಕ್ಟರೇಟ್ ಸಿಗಲ್ಲ, ಹೋಗು!”

ಅವಳ ಕಣ್ಣು ತುಂಬಿ ಬಂತು. ತಕ್ಷಣ ಕೋಟಿನ ಜೇಬಿನಿಂದ ಒಂದು ಟ್ಯೂಬ್ ತೆಗೆದು, ಕೆನ್ನೆಗಿಳಿಯುವ ಮೊದಲೇ ಹನಿಗಳನ್ನು ಹಿಡಿದು, ಬಿಗಿಯಾಗಿ ಮುಚ್ಚಳ ಹಾಕಿದಳು.

“ಹೀಗೇ ಸರ್. ಉಳಿದವರದ್ದನ್ನ ನಿಮ್ಮ ಬಾಗಿಲ ಹೊರಗೆ ನಿಂತು ಹಿಡಿದೆ.”