ನೂರೈವತ್ತು ಗ್ರಾಂ

ಇಪ್ಪತ್ತಾರನೇ ವಯಸ್ಸಿಗೆ ಕುಸ್ತಿ ಕಲಿತು ಪದಕ ಗೆದ್ದವಳು, ಹೆರಿಗೆಯಾದ ಏಳನೇ ತಿಂಗಳಿಗೇ ರಾಷ್ಟ್ರೀಯ ತಂಡದ ಆಯ್ಕೆಗೆ ಹೊರಟಾಗ ಕೋಚ್ ಹೇಳಿದ್ದು ಒಂದೇ ಮಾತು: "ಕೂಸನ್ನ ಮನ್ಯಾಗ ಬಿಟ್ಟು ಬಾ."

ಅತ್ತೆ ಮಾತ್ರ ಕೂಸನ್ನು ಎತ್ತಿಕೊಂಡೇ ಬಂದಿದ್ದಳು.

ತೂಕದ ಕೋಣೆಯಿಂದ ಸೊಸೆ ಹೊರಬಂದಳು. "ಐವತ್ಮೂರು ಕೆಜಿಗೆ ನೂರೈವತ್ತು ಗ್ರಾಂ ಹೆಚ್ಚ ಐತ್ರಿ ಸರ."

ಕೋಚ್ ತಲೆ ಮೇಲೆ ಕೈ ಹೊತ್ತರು. "ಇಪ್ಪತ್ತು ನಿಮಿಷದಾಗ ಇಳೀಲಿಲ್ಲಂದ್ರ ಕುಸ್ತಿ ಇಲ್ಲ, ಸೀದಾ ಮನಿಗೆ! ಓಡು, ಬೆವರು ಹರಿಸು. ಇಲ್ಲಾಂದ್ರ ಜಡೆ ಕತ್ತರಸ್ತೀನಿ!"

"ಜಡೆ ಮುಟ್ಟಬ್ಯಾಡ್ರಿ," ಎಂದು ನಕ್ಕಳು. ಅಷ್ಟರಲ್ಲಿ ಕೂಸು ಕಿರುಚಿತು. ಅದನ್ನೆತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಇದಕ್ಕ ಕೂಸು ಬ್ಯಾಡ ಅಂದಿದ್ದೆ!" ಕೋಚ್ ಅತ್ತೆಯ ಮೇಲೆ ಹರಿಹಾಯ್ದರು. ಅತ್ತೆ ತಣ್ಣಗೆ ಎಲೆಗೆ ಸುಣ್ಣ ಹಚ್ಚುತ್ತ ಕೂತಳು.

ಕಾಲು ಗಂಟೆಯ ಮೇಲೆ ಬಂದವಳು ಕೂಸನ್ನು ಕೋಚ್ ಹೆಗಲಿಗೆ ಹಾಕಿ ತೂಕಕ್ಕೆ ಓಡಿದಳು. ಬರುವಾಗ ಮುಖ ಅರಳಿತ್ತು. "ಸರಿಯಾಗಿ ಐವತ್ಮೂರು, ಸರ!"

"ಓಡಲಿಲ್ಲ, ಬೆವರಲಿಲ್ಲ. ನೂರೈವತ್ತು ಗ್ರಾಂ ಎಲ್ಲಿ ಹೋತವಾ?"

ಅವರ ಹೆಗಲ ಮೇಲಿದ್ದ ಕೂಸು ಗಟ್ಟಿಯಾಗಿ ತೇಗಿ, ಒಂದಿಷ್ಟು ಹಾಲು ಕಕ್ಕಿತು.